ಊರಿಗೊಂದು ಕಲಿಕೆಯ ಕೈತೋಟ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ, ಬೀನ್ಸ್, ಎಲೆಕೋಸು ಇಳಿಸಿ, ಕೇರಳದ ಲಾರಿಗೆ ಮಾಲು ತುಂಬಿಸಿ, ಕೈಗೆ ಬಂದಷ್ಟು ಹಣ ಎಣಿಸಿಕೊಂಡು ಊರಿಗೆ ಮರಳುವ ರೈತ ದಾರಿಯಲ್ಲಿ ಅಂಗಡಿ ಮುಂದೆ ನಿಂತು ಎರಡು ಕಟ್ಟು ಸೊಪ್ಪು, ಕಾಲು ಕಿಲೋ ಹಸಿಮೆಣಸಿನಕಾಯಿ, ಒಂದು ಕಟ್ಟು ಕೊತ್ತಂಬರಿ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಇದನ್ನು ಕಂಡು ಯಾರೂ ನಗುವುದಿಲ್ಲ, ಏಕೆಂದರೆ ಎಲ್ಲರೂ ಹಾಗೆಯೇ ಮಾಡುತ್ತಿದ್ದಾರೆ. ಎಕರೆಗಟ್ಟಲೆ ತರಕಾರಿ ಬೆಳೆದವನ ಮನೆಯಲ್ಲಿ ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಇಲ್ಲ ಎಂಬುದು ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಈಗ ಸುದ್ದಿಯೇ ಅಲ್ಲ.

ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ನಡೆದಿದೆ. ಅಂಗೈಯಗಲ ಮಣ್ಣಿಲ್ಲದ ಜನ ತಾರಸಿಯ ಮೇಲೆ ಹಳೆಯ ಬಕೆಟ್ಟು, ಡ್ರಮ್ಮು, ಗೋಣಿಚೀಲಗಳಿಗೆ ಮಣ್ಣು ತುಂಬಿ ದಂಟು, ಮೆಂತ್ಯ, ಬದನೆ ಬೆಳೆಯುತ್ತಿದ್ದಾರೆ. ಅದನ್ನು ಕಲಿಯಲು ರಜಾ ದಿನಗಳಲ್ಲಿ ಒಂದೆಡೆ ಸೇರುತ್ತಾರೆ, ಶುಲ್ಕ ಕೊಟ್ಟು ಕೂರುತ್ತಾರೆ, ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರು 1990ರ ದಶಕದಲ್ಲಿ ಅಲ್ಲಿ ತಾರಸಿ ಕೈತೋಟದ ಕಾರ್ಯಾಗಾರಗಳನ್ನು ಆರಂಭಿಸಿದರು. ಅವರ ಜೊತೆ ಬೆಳೆದ ಬಳಗ 2011ರಿಂದೀಚೆಗೆ ‘ಊಟ ಫ್ರಂ ಯುವರ್ ತೋಟ’ ಎಂಬ ಹೆಸರಿನಲ್ಲಿ ಮೇಳಗಳನ್ನು ನಡೆಸಿದೆ. ಬೀಜ, ಸಸಿ, ಗೊಬ್ಬರದ ಮಾರಾಟ, ಬಿತ್ತುವುದರಿಂದ ಹಿಡಿದು ಹುಳು ಓಡಿಸುವವರೆಗಿನ ಪಾಠ, ತಮ್ಮ ಮನೆಯ ಬೀಜವನ್ನು ಇನ್ನೊಬ್ಬರಿಗೆ ಕೊಟ್ಟು ಅವರದನ್ನು ಪಡೆಯುವುದು, ಇವೆಲ್ಲ ಅಲ್ಲಿಯ ವ್ಯವಹಾರ.

ಪೇಟೆಯ ತೋಟ ಪಾಠಶಾಲೆಯಾಗುವುದು ನಮ್ಮ ನಾಡಿಗೆ ಹೊಸದಲ್ಲ. ಹೈದರಾಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗು ಇಂದು 240 ಎಕರೆಯ ತೋಟ. ಪ್ರವಾಸಿಗಳಿಗೆ ಅದು ಹೂವು ನೋಡುವ ಜಾಗ. ಆದರೆ ರೈತನಿಗೆ ಅದರ ಋಣ ಬೇರೆಯೇ ಇದೆ. 1874ರಿಂದ 1908ರವರೆಗೆ ಆ ತೋಟವನ್ನು ನೋಡಿಕೊಂಡ ಜಾನ್ ಕ್ಯಾಮರನ್ ಹೊರದೇಶದಿಂದ ತರಿಸಿ ಬೆಳೆಸಿದ ಬಳ್ಳಿಗಳಲ್ಲಿ ಸೀಮೆಬದನೆಯೂ ಒಂದು. ಗಡಿಯಾಚೆಯ ತಮಿಳು ಸಂತೆಗಳಲ್ಲಿ ಇಂದಿಗೂ ಅದಕ್ಕೆ ‘ಬೆಂಗಳೂರು ಕತ್ತರಿಕಾಯ್’ ಎಂದೇ ಹೆಸರು. ತೋಟವೊಂದರ ಪ್ರಯೋಗ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಕ್ಯಾಮರನ್ ನಂತರ ಬಂದ ಕ್ರುಂಬಿಗಲ್, ಅವರ ನಂತರ ಎಚ್.ಸಿ. ಜವರಾಯ, ಆ ಮೇಲೆ ಡಾ. ಎಂ.ಎಚ್. ಮರಿಗೌಡ, ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಆ ಕೆಲಸ ದಾಟಿತು. ಮರಿಗೌಡರು ನಮಗೆ ದೂರದವರಲ್ಲ, ಪಕ್ಕದ ತಿ. ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಯ ಮರಸಿಂಗನಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಆ ಒಕ್ಕಲು ಮಗ, ಲಾಲ್‌ಬಾಗಿನ ವಿದ್ಯೆ ಲಾಲ್‌ಬಾಗಿನ ಗೋಡೆಯೊಳಗೇ ಉಳಿಯಬಾರದೆಂದು ಹಟ ಹಿಡಿದು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಕ್ಷೇತ್ರಗಳನ್ನೂ ತೆರೆಸಿದರು. ಗುಂಡಿ ತೆಗೆಯುವುದು, ಕಸಿ ಕಟ್ಟುವುದು, ಸಸಿ ಸಾಕುವುದನ್ನು ಕಣ್ಣಾರೆ ಕಂಡು ಮನೆಗೆ ಸಸಿ ಒಯ್ಯಲು ರೈತನಿಗೆ ಹತ್ತಿರದಲ್ಲೇ ಜಾಗವಿರಬೇಕು ಎಂಬುದು ಅವರ ಲೆಕ್ಕ. ತೋಟಗಾರಿಕೆ ಇಲಾಖೆ ಲಾಲ್‌ಬಾಗಿನಲ್ಲಿ ಕೈತೋಟ, ಹಣ್ಣು ತರಕಾರಿ ಸಂಸ್ಕರಣೆ ಮೊದಲಾದ ವಿಷಯಗಳಲ್ಲಿ ಸಾರ್ವಜನಿಕರಿಗೆ ತರಗತಿಗಳನ್ನು ನಡೆಸುತ್ತ ಬಂದಿದೆ. ರೈತರ ಮಕ್ಕಳಿಗೆಂದೇ ಹತ್ತು ತಿಂಗಳ ತೋಟಗಾರಿಕೆ ತರಬೇತಿಯನ್ನೂ ಕೊಡುತ್ತ ಬಂದಿದೆ.

ಇಷ್ಟು ಓದಿದ ಮೇಲೆ ವಾಚನಾಲಯದಲ್ಲಿ ಕುಳಿತ ಹಿರಿಯರೊಬ್ಬರು ಕನ್ನಡಕ ತೆಗೆದು, “ಸೊಪ್ಪು ಬೆಳೆಯುವುದನ್ನು ಪೇಟೆಯವರು ನಮಗೆ ಹೇಳಿಕೊಡಬೇಕೇ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಬೇಡ. ಹಿರಿಯರಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರ ಮೊಮ್ಮಗನನ್ನು ಪಕ್ಕಕ್ಕೆ ಕರೆದು ಬೆರಕೆ ಸೊಪ್ಪಿನ ಸಾರಿಗೆ ಯಾವ ಯಾವ ಸೊಪ್ಪು ಬೀಳುತ್ತದೆ ಎಂದು ಕೇಳಿ ನೋಡಬೇಕು. ಅಣ್ಣೆ, ಕನ್ನೆ, ಗಣಿಕೆ, ಹೊನಗೊನೆ, ಕೀರೆ, ನುಗ್ಗೆ ಎಂದು ಅಜ್ಜಿ ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳಲ್ಲಿ ಮೊಮ್ಮಗ ಎರಡನ್ನು ಹೇಳಿದರೆ ದೊಡ್ಡದು. ಹೆಸರು ಗೊತ್ತಿದ್ದರೂ ಗಿಡದ ಗುರುತು ಸಿಕ್ಕೀತೆಂದು ಹೇಳಲಾಗದು. ಗುರುತು ಸಿಕ್ಕರೂ ಗಿಡ ಎಲ್ಲಿದೆ? ಕಳೆ ಕೀಳುವ ಕೂಲಿ ದುಬಾರಿಯಾಯಿತೆಂದು ಕಳೆನಾಶಕ ಹೊಡೆದೆವು. ಕಳೆಯ ಜೊತೆಗೆ ಬದುವಿನ ಮೇಲಿದ್ದ ಸಾರಿನ ಸೊಪ್ಪೂ ಸುಟ್ಟು ಹೋಯಿತು. ರಾಗಿ, ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಬರುತ್ತಿದ್ದ ಅವರೆ, ಅಲಸಂದೆ, ಹುಚ್ಚೆಳ್ಳುಗಳು ಒಂದೇ ಬೆಳೆಯ ಹೊಲಗಳಲ್ಲಿ ಜಾಗ ಕಳೆದುಕೊಂಡವು. ಇದು ಯಾರನ್ನೋ ದೂರುವ ಮಾತಲ್ಲ. ಸಾಲ ತಂದು ಬೋರ್‌ವೆಲ್ ಕೊರೆಸಿದವನು ಸಾಲ ತೀರಿಸುವ ಬೆಳೆಯನ್ನೇ ಬೆಳೆಯಬೇಕಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾರುಕಟ್ಟೆಗೆ ಹೋಗುವ ಬದನೆ, ಹೂಕೋಸಿಗೆ ಎಷ್ಟು ಸಲ ಔಷಧಿ ಹೊಡೆಯುತ್ತೇವೆಂಬುದು ನಮಗೇ ಗೊತ್ತು. ಆದ್ದರಿಂದಲೇ ಎಷ್ಟೋ ಮಂದಿ ರೈತರು ಹೊಲದ ಅಂಚಿನಲ್ಲಿ ಮನೆಗೆಂದು ಒಂದು ಸಾಲನ್ನು ಔಷಧಿ ಹೊಡೆಯದೆ ಬಿಟ್ಟುಕೊಳ್ಳುತ್ತಾರೆ. ಅಷ್ಟೂ ಮಾಡದವರು ಪೇಟೆಯಿಂದ ಕೊಂಡು ತರುತ್ತಾರೆ. ಹಾಗೆ ಕೊಂಡ ಸೊಪ್ಪು ಇನ್ನೊಬ್ಬ ರೈತ ತನ್ನ ಮನೆಗೆ ಬೇಡವೆಂದು ಬಿಟ್ಟ ಸಾಲಿನದ್ದೇ ಆಗಿರಬಹುದಲ್ಲವೇ?

ದಿನಕ್ಕೆ ಒಬ್ಬರಿಗೆ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಸಂಸಾರಕ್ಕೆ ದಿನಕ್ಕೆ ಎರಡು ಕಿಲೋ ಆಯಿತು. ಇದನ್ನು ದಿನವೂ ದುಡ್ಡು ಕೊಟ್ಟು ತರುವ ಶಕ್ತಿ ಕೂಲಿ ಮಾಡುವ ಮನೆಗಿಲ್ಲ. ಬೆಳೆಯುವ ಊರಿನಲ್ಲೇ ಹೆಂಗಸರು, ಮಕ್ಕಳು ರಕ್ತಹೀನತೆಗೆಂದು ಕಬ್ಬಿಣಾಂಶದ ಮಾತ್ರೆ ನುಂಗುತ್ತಿರುವಾಗ, ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಹಳೆಯ ಗಾದೆಯನ್ನು ಹೇಳುವಂತೆಯೂ ಇಲ್ಲ. ಗಾದೆ ಹೇಳಲು ಹಿತ್ತಲಲ್ಲಿ ಗಿಡವಾದರೂ ಇರಬೇಕಷ್ಟೆ.

ಹಾಗಾದರೆ ಬೆಂಗಳೂರಿನಿಂದ ನಾವು ತರಬೇಕಾದದ್ದು ಏನು? ತಾರಸಿಯನ್ನಲ್ಲ, ತೆಂಗಿನ ನಾರಿನ ಪುಡಿಯನ್ನಲ್ಲ, ಅಂಗಡಿಯಲ್ಲಿ ಮಾರುವ ಬಣ್ಣದ ಕುಂಡಗಳನ್ನಂತೂ ಅಲ್ಲ. ತರಬೇಕಾದದ್ದು ಅವರ ಕೂಟವನ್ನು. ಗೊತ್ತಾದ ಒಂದು ದಿನ, ಗೊತ್ತಾದ ಒಂದು ಜಾಗ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕೈಹಿಡಿದು ತೋರಿಸುವ ರೂಢಿ. ನಮ್ಮಲ್ಲಿ ತಿಳಿವಳಿಕೆ ಇದೆ, ಮಣ್ಣಿದೆ, ತಿಪ್ಪೆಗೊಬ್ಬರವಿದೆ. ಒಂದು ಕಡೆ ಸೇರುವ ಅಭ್ಯಾಸ ತಪ್ಪಿದೆ. ಹಿಂದೆ ಸೊಸೆ ಅತ್ತೆಯಿಂದ ಕಲಿಯುತ್ತಿದ್ದಳು, ಬೀಜ ತವರಿನಿಂದ ಸೆರಗಿನ ಗಂಟಿನಲ್ಲಿ ಬರುತ್ತಿತ್ತು. ಆ ದಾರಿ ಮುಚ್ಚಿದ ಕಡೆ ಬೇರೆ ದಾರಿ ತೆರೆಯಬೇಕಾಗಿದೆ.

ನಮ್ಮ ಸಲಹೆ ಇಷ್ಟು. ಪ್ರತಿ ಊರಿನಲ್ಲಿ ವಾಚನಾಲಯದ ಮಗ್ಗುಲಲ್ಲೋ ಶಾಲೆಯ ಹಿಂದೆಯೋ ಒಂದು ಗುಂಟೆ ಜಾಗ ಹುಡುಕಬೇಕು. ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರ ‘ಅರಿವು ಕೇಂದ್ರ’ ಎಂಬ ಹೆಸರು ಕೊಟ್ಟಿದೆ. ಹೆಸರಿಗೆ ತಕ್ಕಂತೆ ಒಂದಿಷ್ಟು ಅರಿವು ಕಟ್ಟಡದ ಹೊರಗೂ ಬೆಳೆಯಲಿ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದ್ದುಂಟು; ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಶಾಲೆಯ ಜಾಗಕ್ಕೆ ಅದೇ ಆಧಾರವಾದೀತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಪಾತಿಗಳು ಮೂರು ಅಡಿಗಿಂತ ಅಗಲ ಬೇಡ. ಎರಡೂ ಬದಿಯಿಂದ ಕೈ ಎಟುಕಬೇಕು, ಯಾರೂ ಪಾತಿ ತುಳಿಯಬಾರದು. ಉದ್ದ ಹತ್ತು ಅಡಿ ಸಾಕು. ನುಗ್ಗೆ, ಪರಂಗಿ, ಕರಿಬೇವಿನಂಥ ಎತ್ತರದ ಗಿಡಗಳನ್ನು ಉತ್ತರದ ಅಂಚಿಗೆ ಹಾಕಿದರೆ ಅವುಗಳ ನೆರಳು ವರ್ಷದ ಹೆಚ್ಚು ಕಾಲ ಸೊಪ್ಪಿನ ಮಡಿಗಳ ಮೇಲೆ ಬೀಳುವುದಿಲ್ಲ. ಹೀರೆ, ತೊಂಡೆ, ಪಡವಲ ಬೇಲಿಗೂ ಚಪ್ಪರಕ್ಕೂ ಇರಲಿ. ಸೊಪ್ಪಿಗೆ ನಾಲ್ಕು ಪಾತಿ ಮೀಸಲಿಟ್ಟು ವಾರಕ್ಕೊಂದರಂತೆ ಬಿತ್ತಬೇಕು. ನಾಲ್ಕನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ತಿನ್ನಲಾರದಷ್ಟು ಬಂದು ಮೂರು ವಾರ ಬರಿದಾಗುತ್ತದೆ. ಕೀರೆ, ದಂಟಿನ ಎಳೆಸೊಪ್ಪು ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ನಾಲ್ಕನೆಯ ಪಾತಿ ಬಿತ್ತುವ ಹೊತ್ತಿಗೆ ಮೊದಲನೆಯದು ಕೈಗೆ ಹತ್ತಿರವಾಗಿರುತ್ತದೆ.

ನೀರಿನ ಪ್ರಶ್ನೆ ಬಂದೇ ಬರುತ್ತದೆ. ಗುಂಡ್ಲುಪೇಟೆ ಘಟ್ಟದ ಮಳೆನೆರಳಿನ ಸೀಮೆ. ನೀರಿನ ಮಾತನ್ನು ಹಗುರವಾಗಿ ಆಡುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ನಾಲ್ಕು ಪಾತಿಗಳಿಗೆ ಬೇಸಿಗೆಯಲ್ಲೂ ದಿನಕ್ಕೆ 50-60 ಲೀಟರ್ ಸಾಕು. ನಾಲ್ಕು ಕೊಡ ನೀರು. ಪಾತಿಯ ಮೇಲೆ ಕಬ್ಬಿನ ತರಗು, ಒಣಹುಲ್ಲು, ಅರಿಶಿನದ ಒಣಗರಿ ಹೊದಿಸಿದರೆ ಇನ್ನೂ ಕಡಿಮೆ. ಮನೆಗಳ ಹಿತ್ತಲಲ್ಲಿ ಬಚ್ಚಲ ನೀರು ವ್ಯರ್ಥವಾಗಿ ಮೋರಿಗೆ ಹರಿಯುತ್ತಿದೆ. ಸೋಪು, ಪುಡಿ ಬೆರೆತ ನೀರನ್ನು ಸೊಪ್ಪಿಗೆ ನೇರವಾಗಿ ಬಿಡಬಾರದು. ಅದನ್ನು ಬಾಳೆಗೂ ತೆಂಗಿಗೂ ತಿರುಗಿಸಿ, ಒಳ್ಳೆಯ ನೀರನ್ನು ಸೊಪ್ಪಿಗೆ ಉಳಿಸಿದರೆ ಎರಡೂ ನಡೆಯುತ್ತದೆ. ಕಾಡಂಚಿನ ಊರುಗಳಿಗೆ ಹಂದಿ, ಕೋತಿ, ಆನೆಯ ಕಾಟವೂ ಉಂಟು. ಹೊಲದಲ್ಲಿ ಅದಕ್ಕೆ ಸುಲಭದ ಉತ್ತರವಿಲ್ಲ. ಊರೊಳಗಿನ ಒಂದು ಗುಂಟೆಯನ್ನು ಕಾಯುವುದು ಅಷ್ಟು ಕಷ್ಟವಲ್ಲ, ಕೋತಿಯ ಮಾತು ಬೇರೆ.

ತೋಟ ಹಾಕಿದರಷ್ಟೇ ಸಾಲದು, ಅದು ಕಲಿಕೆಯ ಜಾಗವಾಗಬೇಕು. ಹದಿನೈದು ದಿನಕ್ಕೊಮ್ಮೆ, ಸಂತೆಯ ದಿನ ಬಿಟ್ಟು, ಕೂಲಿಯಿಂದ ಬಂದ ಮೇಲೆ ಸಂಜೆ ಒಂದು ಗಂಟೆ ಸಾಕು. ಒಂದು ದಿನ ಒಂದೇ ಕೆಲಸ ಇಟ್ಟುಕೊಳ್ಳಬೇಕು, ಭಾಷಣ ಬೇಡ. ಉದಾಹರಣೆಗೆ ಬೇವಿನ ಬೀಜದ ಕಷಾಯ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಹಾಕಿ, ಬೆಳಗ್ಗೆ ಹಿಂಡಿ ಸೋಸಿ, ಎಲೆಗೆ ಅಂಟಲೆಂದು ಚಿಟಿಕೆ ಸೋಪು ಬೆರೆಸಿ, ಸಂಜೆ ಸಿಂಪಡಿಸುವುದು. ಎಲ್ಲರಿಗೂ ಗೊತ್ತಿರುವ ವಿದ್ಯೆಯೇ ಸರಿ. ಆದರೆ ಎಷ್ಟು ಮನೆಗಳಲ್ಲಿ ಮಾಡಿದ್ದಾರೆ? ಹತ್ತು ಜನರ ಕಣ್ಣೆದುರು ಕುಟ್ಟಿ ಸೋಸಿ ಹೊಡೆದು, ಹದಿನೈದು ದಿನದ ಮೇಲೆ ಅದೇ ಹತ್ತು ಜನ ಬಂದು ಎಲೆ ಮಗುಚಿ ನೋಡಿದರೆ ಆಗ ಅದು ಊರಿನ ವಿದ್ಯೆಯಾಗುತ್ತದೆ.

ಇನ್ನೊಂದು ದಿನ ಬೀಜ ಹಿಡಿಯುವ ಕೆಲಸ. ಇದಕ್ಕೆ ಹೆಚ್ಚು ಮಹತ್ವ ಕೊಡಬೇಕೆಂದು ನಮ್ಮ ಅಭಿಪ್ರಾಯ. ಹೈಬ್ರಿಡ್ ತಳಿಯ ಹಣ್ಣಿನಿಂದ ಬೀಜ ಹಿಡಿದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ, ಆದ್ದರಿಂದ ನಾಟಿ ತಳಿಯೇ ಆಗಬೇಕು. ಟೊಮೆಟೊ, ಅವರೆ, ಅಲಸಂದೆ ತಮ್ಮೊಳಗೇ ಪರಾಗ ಕೂಡಿಕೊಳ್ಳುವ ಗಿಡಗಳಾದ್ದರಿಂದ ಹೊಸಬರು ಇವುಗಳಿಂದ ಆರಂಭಿಸುವುದು ಲೇಸು. ಹೀರೆ, ಸೋರೆ, ಕುಂಬಳ ಹಾಗಲ್ಲ. ಜೇನ್ನೊಣ ಪಕ್ಕದ ತೋಟದ ಪರಾಗ ತಂದು ಬೆರೆಸಿಬಿಡುತ್ತದೆ, ತಳಿ ಕೆಡುತ್ತದೆ. ರೋಗವಿಲ್ಲದ ಗಿಡವನ್ನು ಮೊದಲೇ ಗುರುತಿಸಿ ದಾರ ಕಟ್ಟಿ, ನಡುಕಾಲದ ಕೊಯ್ಲಿನ ಒಳ್ಳೆಯ ಹಣ್ಣನ್ನು ಗಿಡದಲ್ಲೇ ಪೂರ್ತಿ ಮಾಗಲು ಬಿಡಬೇಕು. ಟೊಮೆಟೊ ಬೀಜವನ್ನು ಲೋಳೆಯೊಡನೆ ಒಂದೆರಡು ದಿನ ಹುಳಿಯಲು ಇಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಮೇಲೆ ತಿಂಗಳು, ವರ್ಷ, ಕೊಟ್ಟವರ ಹೆಸರು ಬರೆದರೆ ಮುಗಿಯಿತು. ವಾಚನಾಲಯದ ಬೀರುವಿನಲ್ಲಿ ಪುಸ್ತಕದ ಕೆಳಗಿನ ಒಂದು ಖಾನೆ ಈ ಡಬ್ಬಿಗಳಿಗೆ ಇರಲಿ. ಪುಸ್ತಕ ಒಯ್ದಂತೆ ಬೀಜ ಒಯ್ಯಲಿ, ಬೆಳೆದ ಮೇಲೆ ಎರಡರಷ್ಟು ತಂದಿಡಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗೆಡ್ಡೆ ಗೆಣಸು, ಕಾಡುಸೊಪ್ಪುಗಳ ಬಗೆಗೆ ಇರುವ ಅರಿವು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಬೆಟ್ಟದ ತಪ್ಪಲಿನ ಊರುಗಳವರು ಅವರನ್ನು ಗುರುಗಳಾಗಿ ಕರೆದು, ಎಲೆ ಅಡಿಕೆ ಕೊಟ್ಟು, ಆ ದಿನದ ಕೂಲಿಯನ್ನೂ ಕೊಟ್ಟು ಕಲಿಯಬೇಕು.

ಕೂಲಿಯ ಮಾತು ಬಂದಾಗ ಇದನ್ನೂ ಹೇಳಿಬಿಡುವುದು ಒಳ್ಳೆಯದು. ಊರ ತೋಟವೆಂದ ಮೇಲೆ ಅದು ಎಲ್ಲ ಕೇರಿಯವರದೂ ಆಗಬೇಕು. ಜಮೀನಿದ್ದವನಿಗೆ ಹೊಲದ ಅಂಚಿನಲ್ಲಾದರೂ ಜಾಗವಿದೆ. ಕಾಲನಿಯ ಮನೆಗಳಿಗೆ ಹಿತ್ತಲೇ ಇಲ್ಲ. ಗೋಡೆಗೆ ಗೋಡೆ ಅಂಟಿವೆ. ಇಂಥ ತೋಟದ ಅವಶ್ಯಕತೆ ಮೊದಲು ಅವರಿಗೆ. ನೀರಿನ ನಲ್ಲಿ ಯಾರು ಮುಟ್ಟಬೇಕು, ಕೊಯ್ದ ಸೊಪ್ಪು ಯಾರ ಮನೆಗೆ ಎಂಬ ಜಗಳ ಮೊದಲ ದಿನವೇ ಹುಟ್ಟುವುದಾದರೆ ಆ ಊರಿನವರು ತೋಟಕ್ಕೆ ಮುಂಚೆ ಬೇರೆ ಕೆಲಸ ಮಾಡಬೇಕಾಗಿದೆ. ಪಾತಿಗಳನ್ನು ಮನೆಗಳಿಗೆ ಹಂಚಿಕೊಡುವಾಗ ಭೂಮಿ ಇಲ್ಲದವರಿಗೆ ಮೊದಲು ಕೊಟ್ಟು, ಉಳಿದದ್ದನ್ನು ಉಳಿದವರಿಗೆ ಕೊಡುವುದು ನ್ಯಾಯ. ಹೆಂಗಸರ ಸ್ವಸಹಾಯ ಸಂಘಗಳು ಕೈಹಾಕಿದರೆ ಕೆಲಸ ಉಳಿಯುತ್ತದೆ, ಗಂಡಸರಷ್ಟೇ ಸಮಿತಿ ಮಾಡಿಕೊಂಡರೆ ಸಮಿತಿ ಉಳಿಯುತ್ತದೆ.

ಇನ್ನು ಎರಡು ಪಟ್ಟಣಗಳ ವಿಚಾರ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗಿನಿಂದ ಚಾಮರಾಜನಗರದ ಸುತ್ತ ಬಡಾವಣೆಗಳು ಬೆಳೆದಿವೆ. ಹೆದ್ದಾರಿಯ ಗುಂಡ್ಲುಪೇಟೆಯೂ ಬೆಳೆದಿದೆ. ಅಲ್ಲಿ ಮನೆ ಕಟ್ಟಿದವರಲ್ಲಿ ಮುಕ್ಕಾಲು ಪಾಲು ನಮ್ಮ ಹಳ್ಳಿಗಳಿಂದಲೇ ಹೋದವರಲ್ಲವೇ? ಅಲ್ಲಿಯ ಪುರಸಭೆ, ನಗರಸಭೆಗಳು ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಒಂದು ಮೂಲೆಯನ್ನು ಇಂಥ ತೋಟಕ್ಕೆ ಕೊಟ್ಟರೆ, ಕಲಿಸಲು ಬೆಂಗಳೂರಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಗುರುಗಳಾಗಿ ಹೋಗಿ, ಕಲಿಸಿದ್ದಕ್ಕೆ ಸಂಭಾವನೆ ಪಡೆದು, ಸಸಿ ಮತ್ತು ನಾಟಿ ಬೀಜ ಮಾರಿ ಬರಬಹುದು. ಬೆಂಗಳೂರಿನ ಮೇಳಗಳಲ್ಲಿ ಸಸಿಗೂ ಬೀಜಕ್ಕೂ ಜನ ಮುಗಿಬೀಳುವುದನ್ನು ನೋಡಿದರೆ ಇಲ್ಲಿಯೂ ಅದಕ್ಕೆ ಗಿರಾಕಿ ಇಲ್ಲದೆ ಹೋಗಲಾರದು. ಔಷಧಿ ಹೊಡೆಯದ ತರಕಾರಿ ಎಂದರೇನು ಎಂದು ಕಣ್ಣಾರೆ ಕಂಡ ಗ್ರಾಹಕ, ಮುಂದೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲೂ ಸಿದ್ಧನಾದಾನು.

ಸಹಾಯಕ್ಕೆ ಹತ್ತಿರದಲ್ಲೇ ಜನರಿದ್ದಾರೆ. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೈತರಿಗೆ ತರಬೇತಿ ಕೊಡುವುದೇ ಅದರ ಕೆಲಸ. ಹೊಂಡರಬಾಳು ಬಳಿ ಅಮೃತಭೂಮಿ ಇದೆ. 2004ರಲ್ಲಿ ತೀರಿಕೊಂಡ ರೈತ ಮುಖಂಡ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನಿಂದ ಬೆಳೆದ ಆ ಕೇಂದ್ರದಲ್ಲಿ ನಾಟಿ ಬೀಜ, ನೈಸರ್ಗಿಕ ಕೃಷಿಯ ಶಿಬಿರಗಳಿಗೆ ಹೊರದೇಶದ ರೈತರೂ ಬಂದು ಕೂತಿದ್ದಾರೆ. ಅವರ ಎಲ್ಲ ಮಾತನ್ನೂ ಎಲ್ಲ ರೈತರೂ ಒಪ್ಪಬೇಕೆಂದಿಲ್ಲ. ರಸಗೊಬ್ಬರ ಪೂರ್ತಿ ಬಿಡುವುದು ವ್ಯಾಪಾರದ ಬೆಳೆಯಲ್ಲಿ ಸಾಧ್ಯವೇ ಎಂಬ ಚರ್ಚೆ ಮುಗಿದಿಲ್ಲ, ಇಲ್ಲಿ ಮುಗಿಸುವುದೂ ಬೇಡ. ಆದರೆ ಒಂದು ಗುಂಟೆಯ ಮನೆಗೆಲಸದ ತೋಟದಲ್ಲಿ ಆ ವಿದ್ಯೆಯನ್ನು ಪರೀಕ್ಷಿಸಿ ನೋಡಲು ಯಾರಿಗೂ ನಷ್ಟವಿಲ್ಲ.

ಕಷ್ಟ ಬಂದಾಗ ಇಂಥ ತೋಟಗಳು ಎಷ್ಟು ದೂರ ಕೈಹಿಡಿಯಬಲ್ಲವೆಂಬುದಕ್ಕೆ ಕ್ಯೂಬಾ ದೇಶದ ಉದಾಹರಣೆ ಇದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಅಲ್ಲಿಂದ ಬರುತ್ತಿದ್ದ ಎಣ್ಣೆ, ಗೊಬ್ಬರ, ಆಹಾರ ನಿಂತಾಗ ರಾಜಧಾನಿ ಹವಾನಾದ ಜನ ಖಾಲಿ ನಿವೇಶನಗಳಲ್ಲಿ ಏರುಮಡಿ ಕಟ್ಟಿ, ಕಾಂಪೋಸ್ಟ್ ತುಂಬಿ, ಬೀದಿ ಬೀದಿಯವರು ಸೇರಿ ತರಕಾರಿ ಬೆಳೆದರು. ನಮ್ಮಲ್ಲೂ 2020ರ ಲಾಕ್‌ಡೌನಿನಲ್ಲಿ ಸಾಗಣೆಗೆ ಅಡ್ಡಿಯಾಗಿ ಬೆಳೆ ಹೊಲದಲ್ಲೇ ಉಳಿದ ದಿನಗಳನ್ನು ಕಂಡಿದ್ದೇವೆ. ಒಂದೇ ತರಕಾರಿ ಬೆಳೆದವನ ಮನೆಯಲ್ಲಿ ಆಗ ಆ ಒಂದೇ ತರಕಾರಿ ಇತ್ತು. ಹಾಗೆಂದು ಕೈತೋಟದಿಂದ ಟೊಮೆಟೊ ಬೆಲೆ ಏರುವುದಿಲ್ಲ, ಸಾಲ ತೀರುವುದಿಲ್ಲ. ಹಾಗೆ ಹೇಳುವವರನ್ನು ನಂಬಬಾರದು. ಬೆಲೆ ಬಿದ್ದಾಗ ಟೊಮೆಟೊ ಒಣಗಿಸುವುದು, ಉಪ್ಪಿನಕಾಯಿ ಹಾಕುವುದನ್ನು ಇಂಥ ಕೂಟದಲ್ಲಿ ಕಲಿತರೆ ಮನೆಯ ವರ್ಷದ ಖರ್ಚಿಗೆ ಆದೀತು. ಲಾರಿಗಟ್ಟಲೆ ಮಾಲಿಗೆ ಬೇಕಾದದ್ದು ಶೀತಲಗೃಹ ಮತ್ತು ಕಾರ್ಖಾನೆ, ಅದನ್ನು ಸರ್ಕಾರವನ್ನೇ ಕೇಳಬೇಕು.

ಅಧಿಕಾರಿಗಳಿಗೆ ಒಂದು ಕಿವಿಮಾತು. ಟೇಪು ಕತ್ತರಿಸಿ, ಸಸಿಗೆ ನೀರೆರೆಯುವ ಫೋಟೋ ತೆಗೆಸಿಕೊಂಡು, ಮರುವಾರ ಒಣಗಲು ಬಿಟ್ಟ ತೋಟಗಳನ್ನು ಜನ ಬೇಕಾದಷ್ಟು ಕಂಡಿದ್ದಾರೆ. ಅನುದಾನ ಬಂದ ಮೇಲೆ ಆರಂಭಿಸೋಣವೆಂದು ಕಾಯುವ ಊರಿನಲ್ಲಿ ತೋಟ ಏಳುವುದಿಲ್ಲ. ಒಂದು ಗುದ್ದಲಿ, ಎರಡು ಬುಟ್ಟಿ ತಿಪ್ಪೆಗೊಬ್ಬರ, ಅಜ್ಜಿಯರಿಂದ ಕೇಳಿ ತಂದ ಹಿಡಿ ಬೀಜ ಇದ್ದರೆ ಮೊದಲ ಪಾತಿಗೆ ಸಾಕು. ನಮ್ಮ ಸೀಮೆಯಲ್ಲಿ ಭರಣಿ ಮಳೆ ಬಿದ್ದ ಕೂಡಲೇ ನೆಲ ಹದಕ್ಕೆ ಬರುತ್ತದೆ. ಅದು ತಪ್ಪಿದರೆ ಹಿಂಗಾರಿನ ಮಳೆ ಇದೆ. ಅಷ್ಟರೊಳಗೆ ಜಾಗ ಗೊತ್ತುಮಾಡಿ, ಬೇಲಿ ಕಟ್ಟಿ, ಗೊಬ್ಬರದ ಗುಂಡಿ ತುಂಬಿಸಿಟ್ಟುಕೊಂಡಿರಬೇಕು.

ಈಗಾಗಲೇ ಇಂಥ ತೋಟ ನಡೆಸುತ್ತಿರುವ ಊರುಗಳಿದ್ದರೆ ಎಷ್ಟು ಜನ ಸೇರುತ್ತಾರೆ, ನೀರು ಎಲ್ಲಿಂದ, ಯಾವ ಸೊಪ್ಪಿನ ಬೀಜ ಹೆಚ್ಚಿಗೆ ಇದೆ, ಯಾವುದು ಬೇಕಾಗಿದೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿ. ಬೀಜ ಬೇಕಾದ ಊರಿನ ಹೆಸರನ್ನೂ ಕೊಡಬಲ್ಲ ಊರಿನ ಹೆಸರನ್ನೂ ಮುಂದಿನ ವಾರಗಳಲ್ಲಿ ಈ ಪುಟದಲ್ಲಿ ಪ್ರಕಟಿಸುತ್ತೇವೆ.